ಉಳಿ-ಗರಗಸಗಳಿಗೊಂದು ಕಪಾಟು

ಶಾಲೆಗೆ ಅತಿಥಿಗಳು ದಯಮಾಡಿಸಿದಾಗ ಅವರಿಗೆ ಗ್ರಂಥಾಲಯವನ್ನು ತೋರಿಸುವುದುಂಟು, ಪ್ರಯೋಗಶಾಲೆಯನ್ನು ತೋರಿಸುವುದುಂಟು, ಪ್ರಾರ್ಥನಾ ಮಂದಿರವನ್ನಂತೂ ತೋರಿಸಿಯೇ ತೋರಿಸುತ್ತಾರೆ. ಆದರೆ ಕರಕುಶಲ ವಿಭಾಗದ ಕೋಣೆಯ ಬಾಗಿಲನ್ನು ತೆರೆದು ತೋರಿಸುವವರು ವಿರಳ. ತೆರೆದರೆ ಕಾಣುವುದೇನು? ಒಂದು ಗೋಣಿಚೀಲ ಅಥವಾ ತಗಡಿನ ಟ್ರಂಕು. ಅದರೊಳಗೆ ಉಳಿ, ಸುತ್ತಿಗೆ, ಅರ, ಇಕ್ಕಳಗಳೆಲ್ಲ ಒಂದರ ಮೇಲೊಂದು. ಉಳಿಯ ಬಾಯಿ ಸುತ್ತಿಗೆಗೆ ತಾಗಿ ಮೊಂಡಾಗಿರುತ್ತದೆ. ಗರಗಸದ ಹಲ್ಲಿಗೆ ತುಕ್ಕು ಹಿಡಿದಿರುತ್ತದೆ. ವಿದ್ಯಾರ್ಥಿಯ ಪಾಠದ ಅವಧಿಯಲ್ಲಿ ಬಹುಭಾಗ ಹುಡುಕುವುದರಲ್ಲಿಯೇ ಕಳೆದುಹೋಗುತ್ತದೆ. ಕರಕುಶಲ ಶಿಕ್ಷಣವನ್ನು ನಿಜವಾಗಿ ಬಯಸುವ ಶಾಲೆ ಮೊದಲು ಮಾಡಬೇಕಾದ ಕೆಲಸವೆಂದರೆ ಎಳೆಯುವ ಖಾನೆಗಳುಳ್ಳ ಒಂದು ಕಪಾಟನ್ನು ನಿರ್ಮಿಸುವುದು. ಕೊಳ್ಳುವುದಲ್ಲ, ವಿದ್ಯಾರ್ಥಿಗಳ ಕೈಯಿಂದಲೇ ನಿರ್ಮಿಸುವುದು.

ಕೈಕೆಲಸದ ಮಹತ್ವವನ್ನು ಸಾರುವ ಮಾತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧೀಜಿಯವರು ಕಸಬಿನ ಮೂಲಕವೇ ಶಿಕ್ಷಣವೆಂಬ ವಿಚಾರವನ್ನು ದೇಶದ ಮುಂದಿಟ್ಟರು. 1964-66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೆಯ ತರಗತಿಯವರೆಗಿನ ಮಕ್ಕಳು ಪುಸ್ತಕದ ಚೀಲವಿಲ್ಲದ 10 ದಿನಗಳ ಅವಧಿಯಲ್ಲಿ ಊರಿನ ಬಡಗಿ, ಕುಂಬಾರ, ತೋಟಗಾರರಿಂದ ಕಲಿಯಲೆಂದು ಸೂಚಿಸಿತು. ಹೆಸರುಗಳು ಬದಲಾದವು, ಗೋಣಿಚೀಲ ಮಾತ್ರ ಎಷ್ಟೋ ಕಡೆ ಇದ್ದಲ್ಲಿಯೇ ಉಳಿಯಿತು.

ಈ ಸೀಮೆಗಾದರೋ ಕೈಕಸಬು ಹೊರಗಿನಿಂದ ಬಂದುದಲ್ಲ. ಐಹೊಳೆಯ ಲಾಡಖಾನ ಗುಡಿಯ ಮಾಡನ್ನು ನೋಡಿದವರಿಗೆ ಗೊತ್ತು: ಕಲ್ಲುಚಪ್ಪಡಿಗಳ ಸಂದುಗಳ ಮೇಲೆ ಮರದ ತೊಲೆಯಂತೆ ಉದ್ದನೆಯ ಕಲ್ಲುಪಟ್ಟಿಗಳನ್ನು ಇಟ್ಟಿದ್ದಾರೆ. ಕಲ್ಲುಕುಟಿಗನು ಬಡಗಿಯಿಂದ ಪಾಠ ಕಲಿತುದಕ್ಕೆ ಅದು ಸಾಕ್ಷಿ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಆ ಮರಳುಗಲ್ಲನ್ನು ಕೊರೆದುದು ಹರಿತವಾದ ಉಳಿಯೇ ಹೊರತು ತುಕ್ಕು ಹಿಡಿದ ಉಳಿಯಲ್ಲ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾನೆ. ಲಾಳಿ ಎಲ್ಲಿದೆಯೆಂದು ಅವನು ಹುಡುಕುತ್ತ ಕೂತರೆ ಸೀರೆ ಮುಗಿಯುವುದುಂಟೇ? ಸಲಕರಣೆಗೊಂದು ಸ್ಥಾನ ನಿಶ್ಚಯಿಸುವುದು ಕಸಬಿನ ಮೊದಲ ಶಿಸ್ತು.

ಕಪಾಟಿನ ನಿರ್ಮಾಣವೇ ಒಂದು ಪೂರ್ಣ ಪಠ್ಯಕ್ರಮವೆಂದರೆ ಅತಿಶಯೋಕ್ತಿಯಾಗದು. ಅಗಲ 3 ಅಡಿ, ಎತ್ತರ 4 ಅಡಿಯ ಚೌಕಟ್ಟನ್ನು ಜೋಡಿಸಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಬೇಕು. ಎರಡೂ 5 ಅಡಿ ಬಂದರೆ ಮೂಲೆಗಳು ನೇರವಾಗಿವೆ; ಒಂದು ಕಾಲಂಗುಲ ಹೆಚ್ಚಿದರೂ ಚೌಕಟ್ಟು ಸೊಟ್ಟವಾಗಿದೆ, ಖಾನೆ ಸಿಕ್ಕಿಬೀಳುತ್ತದೆ. ಕರಿಹಲಗೆಯ ಮೇಲೆ ಬಾಯಿಪಾಠ ಮಾಡಿದ ಪೈಥಾಗೊರಸನ ಪ್ರಮೇಯ ಹೀಗೆ ಅಂಗೈಗೆ ಇಳಿಯುತ್ತದೆ. ಮರವು ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚು ಕಡಮೆ ಹಾಗೆಯೇ ಇರುತ್ತದೆ. ಆದುದರಿಂದ ಖಾನೆಯ ಮೇಲ್ಭಾಗದಲ್ಲಿ ಒಂದು ನಾಣ್ಯದ ದಪ್ಪದಷ್ಟು ತೆರಪು ಬಿಡಬೇಕು; ತಳದ ಹಲಗೆಯನ್ನು ಅಂಟಿಸದೆ ಗಾಡಿಯೊಳಗೆ ಸಡಿಲಾಗಿ ಕೂರಿಸಬೇಕು. ಮೇಲಿನ ಖಾನೆಗಳು 3 ಅಂಗುಲಕ್ಕಿಂತ ಆಳವಿರಬಾರದು, ಉಳಿಗಳು ಒಂದೇ ಸಾಲಿನಲ್ಲಿ ಮಲಗಬೇಕು. ಭಾರವಾದವು ಕೆಳಗಿನ ಆಳವಾದ ಖಾನೆಗೆ ಹೋಗಬೇಕು. ಪ್ರತಿಯೊಂದು ಉಪಕರಣದ ಆಕೃತಿಯನ್ನು ಖಾನೆಯ ತಳದಲ್ಲಿ ಬಣ್ಣದಿಂದ ಬರೆದರೆ, ಸಂಜೆ ಯಾವುದು ಮರಳಿ ಬಂದಿಲ್ಲವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮರದ ಬೆಲೆಯ ಚಿಂತೆ ಸಹಜವೇ. ಆದರೆ ಹಳೆಯ ಮನೆಗಳನ್ನು ಬಿಚ್ಚಿದಾಗ ದೊರೆಯುವ ತೊಲೆ, ಬಾಗಿಲುಗಳು ದಶಕಗಳ ಬಿಸಿಲುಂಡು ಪಕ್ವವಾದ ಮರ; ಹಸಿಮರದಂತೆ ಅವು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗವನ್ನೇ ಒಪ್ಪಿಸಿ ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಮನೆ ಬಿಚ್ಚುವ ನೋವನ್ನು ಬೇರೆ ಹೇಳಬೇಕಾದುದಿಲ್ಲ. ಅಜ್ಜನ ಮನೆಯ ಬಾಗಿಲು ಮೊಮ್ಮಗನ ಶಾಲೆಯಲ್ಲಿ ಖಾನೆಯಾಗುವುದು ಆ ಮರಕ್ಕೆ ಸಲ್ಲುವ ಗೌರವವೇ ಸರಿ.

ಉಕ್ಕಿನ ಕಪಾಟು ತಂದರೆ ಒಂದೇ ದಿನದಲ್ಲಿ ಕೆಲಸ ಮುಗಿಯುವುದಲ್ಲವೇ ಎಂದು ಕೆಲವರು ಕೇಳಬಹುದು. ಮುಗಿಯುತ್ತದೆ, ಕಲಿಕೆಯೂ ಅಂದೇ ಮುಗಿಯುತ್ತದೆ. ಬೀಗವಿಲ್ಲದಿದ್ದರೆ ಉಪಕರಣಗಳು ಕಳುವಾಗುತ್ತವೆಂಬ ಭಯವನ್ನೂ ಅಲ್ಲಗಳೆಯಲಾಗದು. ರಾತ್ರಿ ಬೀಗವಿರಲಿ. ಆದರೆ ಹಗಲು ಬೀಗದ ಕೈ ಸರದಿಯಂತೆ ವಿದ್ಯಾರ್ಥಿಯ ಬಳಿ ಇರಲಿ, ಲೆಕ್ಕವನ್ನೂ ಅವನೇ ಅಥವಾ ಅವಳೇ ಒಪ್ಪಿಸಲಿ. ಒಂದು ಉಳಿ ಕಳೆದುಹೋದರೆ ನಷ್ಟ ಅಲ್ಪ. ಯಾರೂ ಮುಟ್ಟದೆ ಹತ್ತು ವರ್ಷ ಬೀಗದೊಳಗಿದ್ದ ಉಳಿಯ ನಷ್ಟವನ್ನು ಅಳೆಯುವವರಾರು?

ಇನ್ನು ಕಲಿಸುವವರಾರು? ಬಾದಾಮಿ, ಹುನಗುಂದಗಳ ಯಾವ ಊರಿಗೆ ಹೋದರೂ ಬಡಿಗೇರ ಮನೆತನಗಳಿವೆ. ಅಲ್ಲಿಯ ಹಿರಿಯರಿಗೆ ಮರದ ಗುಣ ಗೊತ್ತು. ಅವರ ಮಕ್ಕಳು ಮಾತ್ರ ಆ ಕಸಬನ್ನು ಹೇಳಿಕೊಳ್ಳಲು ಸಂಕೋಚಪಡುವ ಕಾಲ ಬಂದಿದೆ. ಅಂಥ ಹಿರಿಯರೊಬ್ಬರನ್ನು ಸಂಭಾವನೆಯೊಡನೆ, ಗುರುವೆಂಬ ಗೌರವದೊಡನೆ ಶಾಲೆಗೆ ಬರಮಾಡಿಕೊಂಡು, ಶಿಕ್ಷಕರೂ ಮಕ್ಕಳೊಡನೆ ನೆಲದ ಮೇಲೆ ಕುಳಿತು ಕಲಿತರೆ ಆ ಸಂಕೋಚ ತಾನಾಗಿ ಕರಗುತ್ತದೆ. ಕೂಡಲಸಂಗಮದ ನೆರೆಯಲ್ಲಿದ್ದುಕೊಂಡು ಕಾಯಕದ ಮೇಲೆ ಭಾಷಣ ಸ್ಪರ್ಧೆ ನಡೆಸುವುದು ಸುಲಭ. ಬಡಗಿಗೆ ಕುರ್ಚಿ ಹಾಕುವುದು ಅದಕ್ಕಿಂತ ದೊಡ್ಡ ಪಾಠ.

ದಾನಿಗಳು ಕಟ್ಟಿಸಿದ ಕೋಣೆಗಳಿಂದಲೇ ಇಂಥ ಸಂಸ್ಥೆಗಳು ಬೆಳೆದಿವೆ. ಆ ಋಣವನ್ನು ಮರೆಯುವಂತಿಲ್ಲ. ಆದರೆ ಮುಂದಿನ ದಾನ ಹೊಸ ಕೋಣೆಯ ರೂಪದಲ್ಲಿಯೇ ಬರಬೇಕೆಂದಿಲ್ಲ. ಒಂದಿಷ್ಟು ಹಳೆಯ ಸಾಗವಾನಿ, ಒಂದು ಒಳ್ಳೆಯ ಸಾಣೆಕಲ್ಲು, ಬಡಗಿಯ ಒಂದು ವರ್ಷದ ಸಂಭಾವನೆ, ಇವೂ ದಾನವೇ. ಇದಕ್ಕೆ ಶಿಲಾಫಲಕ ಬೇಕಾಗಲಾರದು. ಖಾನೆಯೊಂದು ತಡೆಯಿಲ್ಲದೆ ಸರಿದು ಮುಚ್ಚಿಕೊಂಡಾಗ ಅದನ್ನು ಮಾಡಿದ ಹುಡುಗ ಮುಗುಳ್ನಗುತ್ತಾನಲ್ಲ, ದಾನಿಗೆ ಸಲ್ಲುವ ಫಲಕ ಅದೇ.