ಎರಡನೇ ಸುತ್ತಿನ ಓಟು ಯಾರ ಪಾಲಿಗೆ?



ನೂರರಲ್ಲಿ ಮೂವತ್ತೈದು ಓಟು ಬಿದ್ದವನು ಗೆದ್ದು ಎಲ್ಲರನ್ನೂ ಆಳುವುದು ಎಂತಹ ಪ್ರಜಾಪ್ರಭುತ್ವ ಅಂತ ನಮ್ಮಲ್ಲೇ ಕೆಲವರು ಕೇಳುತ್ತಾರೆ. ಅರ್ಧಕ್ಕಿಂತ ಒಂದಾದರೂ ಹೆಚ್ಚು ಬರಬೇಕು, ಬಾರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಮ್ಮೆ ಓಟು ನಡೆಯಲಿ ಅಂತಾರೆ. ಫ್ರಾನ್ಸ್ ತನ್ನ ಅಧ್ಯಕ್ಷನನ್ನು ಆರಿಸುವುದೂ ಹೀಗೆಯೇ. ಕೇಳೋದಕ್ಕೆ ನ್ಯಾಯವೇ. ಆದರೆ ಇದರಿಂದ ಯಾರ ಕೈ ಮೇಲಾಗುತ್ತದೆ?

ಲೆಕ್ಕ ಹಾಕಿ. ನೂರು ಓಟಿನ ಊರು. ನಾವೂ ನಮ್ಮ ಜೊತೆಗಿರುವ ಬಡವರೂ ಸೇರಿ 40. ಉಳಿದ 60 ಇಬ್ಬರು ಧಣಿಗಳಿಗೆ 31, 29 ಅಂತ ಹಂಚಿಹೋಯ್ತು. ಈಗಿನ ಪದ್ಧತಿಯಲ್ಲಿ ಗೆದ್ದವರು ನಾವು. ಎರಡನೇ ಸುತ್ತು ಇಟ್ಟರೆ? ನಿನ್ನೆ ಕಚ್ಚಾಡಿದ ಧಣಿಗಳು ಇವತ್ತು ಒಂದಾಗ್ತಾರೆ. 60ರ ಎದುರು 40!

ಇದು ಬರೀ ಊಹೆಯಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯ ಈ ನಿಯಮ ತಂದದ್ದು 1964ರಲ್ಲಿ. ಕಪ್ಪು ಜನರ ಒಗ್ಗಟ್ಟಿನ ಓಟಿಗೆ ಹೆದರಿಯೇ ಅಲ್ಲಿನ ಬಿಳಿಯ ಶಾಸಕ ಡೆನ್ಮಾರ್ಕ್ ಗ್ರೂವರ್ ಇದಕ್ಕಾಗಿ ಹಟ ಹಿಡಿದ. ತನ್ನಲ್ಲಿ ವರ್ಣದ್ವೇಷ ಇತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ.

ನಮಗೂ ಎರಡು ಹಂತದ ಓಟು ಹೊಸದಲ್ಲ. 1932ರ ಪೂನಾ ಒಪ್ಪಂದದಲ್ಲಿ ಮೀಸಲು ಸ್ಥಾನಕ್ಕೆ ಮೊದಲು ನಮ್ಮ ಮತದಾರರು ನಾಲ್ವರನ್ನು ಆರಿಸಬೇಕಿತ್ತು. ಆಮೇಲೆ ಎಲ್ಲ ಜಾತಿಯವರೂ ಸೇರಿ ಅವರಲ್ಲಿ ಒಬ್ಬನನ್ನು ಗೆಲ್ಲಿಸಬೇಕಿತ್ತು. ನಮ್ಮವರು ಮೊದಲು ನಿಲ್ಲಿಸಿದವನನ್ನು ಬಿಟ್ಟು ನಾಲ್ಕನೆಯವನನ್ನು ಗೆಲ್ಲಿಸುವ ಬಲ ಸವರ್ಣೀಯರಿಗಿತ್ತು. ಕೀಲಿಕೈ ಇದ್ದದ್ದು ಕೊನೆಯ ಸುತ್ತಿನಲ್ಲಿ.

ಇವತ್ತು ಬೈಂದೂರು, ಕುಂದಾಪುರ ಸೇರಿ ಉಡುಪಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ನಮಗೆ ಮೀಸಲಿಲ್ಲ. ದೊಡ್ಡವರ ಓಟು ಒಡೆದಾಗ ಮಾತ್ರ ನಮ್ಮ ಓಟಿಗೆ ಬೆಲೆ. ಆಗಲಷ್ಟೇ ಅವರಿಗೆ ನಮ್ಮ ಕೇರಿಯ ದಾರಿ ನೆನಪಾಗೋದು. ಅದನ್ನೂ ಬಿಟ್ಟುಕೊಡಬೇಕೆ? ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುವ ಬ್ರಹ್ಮಾವರದ ಹುಡುಗ ಒಂದು ಓಟಿಗೆ ರಾತ್ರಿ ಬಸ್ಸು ಹಿಡಿದು ಬರ್ತಾನೆ. ಎರಡು ವಾರ ಬಿಟ್ಟು ಮತ್ತೆ ಬರಲು ಧಣಿ ರಜೆ ಕೊಟ್ಟಾನೆಯೇ? ಕೂಲಿಯ ತಾಯಿ ಎರಡನೇ ದಿನದ ಸಂಬಳ ಯಾರ ಹತ್ತಿರ ಕೇಳಬೇಕು?

ಒಂದೇ ದಿನದಲ್ಲಿ ಇದನ್ನು ಮುಗಿಸುವ ದಾರಿಯೂ ಉಂಟು. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ 1, 2, 3 ಅಂತ ಬರೆಯುತ್ತಾರೆ. ಕಡಿಮೆ ಬಂದವನನ್ನು ಕೈಬಿಟ್ಟು ಅವನ ಚೀಟಿಗಳನ್ನು ಮುಂದಿನ ಹೆಸರಿಗೆ ಸೇರಿಸುತ್ತಾರೆ. ಆದರೆ ಅಲ್ಲಿ ಡಿಗ್ರಿ ಇಲ್ಲದವನಿಗೆ ಓಟೇ ಇಲ್ಲ!

ಹಾಗಂತ ಎರಡನೇ ಸುತ್ತು ಅಂದರೆ ನಮಗೆ ಸೋಲೇ ಅಂತಲೂ ಅಲ್ಲ. ಅದೇ ಜಾರ್ಜಿಯಾದ ಕಪ್ಪು ಜನ ಮನೆಮನೆ ಸುತ್ತಿ ಹೆಸರು ಬರೆಸಿದರು, ನ್ಯಾಯ ಬಯಸುವ ಇತರರನ್ನೂ ಜೊತೆಗೆ ಕಟ್ಟಿಕೊಂಡರು. 2021ರ ಜನವರಿ 5ರಂದು ಎರಡನೇ ಸುತ್ತಿನಲ್ಲೇ ರಾಫೆಲ್ ವಾರ್ನಾಕ್ ಗೆದ್ದು ಆ ರಾಜ್ಯದ ಮೊದಲ ಕಪ್ಪು ಸೆನೆಟರ್ ಆದರು.

ಆದ್ದರಿಂದ ನಮ್ಮ ಮಾತು ಇಷ್ಟೇ. ಈ ನಿಯಮ ಬೇಕು ಅಂತ ಯಾರಾದರೂ ಬಂದರೆ, ಕೊನೆಯ ಸುತ್ತಿನ ಕೀಲಿಕೈ ಯಾರ ಕೈಲಿ ಅಂತ ಮೊದಲು ಕೇಳಿ. ಅದಕ್ಕೂ ಮುಂಚೆ ನಿಮ್ಮ ಕೇರಿಯ ಮತದಾರರ ಪಟ್ಟಿ ತೆಗೆದು ಯಾರ ಹೆಸರು ಬಿಟ್ಟುಹೋಗಿದೆ ಅಂತ ನೋಡಿ.

ಜೈ ಭೀಮ್.