ಸೂರು ಊರೊಳಗೇ ಬೇಕು



2013ರ ಜನವರಿಯಲ್ಲಿ ಈಜಿಪುರದಲ್ಲಿ ನಡೆದ ಅನ್ಯಾಯವನ್ನು ಬೆಂಗಳೂರು ಮರೆಯಕೂಡದು. ಬಡವರಿಗೆಂದು ಪಾಲಿಕೆಯೇ ಕಟ್ಟಿಸಿದ್ದ ವಸತಿಗೃಹಗಳು ಕುಸಿದ ಮೇಲೆ ಜನ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಕೊನೆಗೆ ಬಂದದ್ದು ಮನೆಯ ಕೀಲಿಯಲ್ಲ, ಜೆಸಿಬಿ. ಸಾವಿರಾರು ಜನ, ಎಳೆಮಕ್ಕಳ ಸಮೇತ, ಚಳಿಯಲ್ಲಿ ಬೀದಿಗೆ ಬಿದ್ದರು. ಅದೇ ಸರ್ಕಾರಿ ಜಾಗದಲ್ಲಿ ಒಂದು ಪಾಲನ್ನು ಖಾಸಗಿ ವಾಣಿಜ್ಯ ಸಂಕೀರ್ಣಕ್ಕೆಂದು ಬರೆದುಕೊಟ್ಟಾಗಿತ್ತು. ಬಡವರಿಗೆ ಬೆರಳು ಮಾಡಿ ತೋರಿಸಿದ್ದು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಯನ್ನು. ಕೋರಮಂಗಲದಲ್ಲಿ ಬೆಳಗ್ಗೆ ಆರಕ್ಕೆ ಮನೆಗೆಲಸಕ್ಕೆ ಹೋಗಬೇಕಾದ ಹೆಂಗಸು ಸೂಲಿಕುಂಟೆಯಿಂದ ಯಾವ ಬಸ್ಸು ಹಿಡಿಯಬೇಕು? ಅಷ್ಟು ದೂರದಲ್ಲಿ ಮನೆ ಕೊಡುವುದೆಂದರೆ ಅವಳ ಕೆಲಸ ಕಿತ್ತುಕೊಂಡಂತೆ.

ಇದು ಬರಿಯ ಆವೇಶದ ಮಾತಲ್ಲ. 1987ರಲ್ಲಿ ಅಹಮದಾಬಾದಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಲಾಟರಿ ಎತ್ತಿ ಊರಾಚೆ, ಸುಮಾರು 12 ಕಿಲೋಮೀಟರ್ ದೂರದಲ್ಲಿ, ಒಳ್ಳೆಯ ಮನೆಗಳನ್ನೇ ಕೊಟ್ಟರು. 14 ವರ್ಷಗಳ ನಂತರ ಸಂಶೋಧಕರು ಲೆಕ್ಕ ಹಾಕಿದಾಗ, ಗೆದ್ದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅಲ್ಲಿಗೆ ಹೋಗಿಯೇ ಇರಲಿಲ್ಲ, ಹೆಚ್ಚುಕಡಿಮೆ ಅಷ್ಟೇ ಜನ ಹೋಗಿ ಬಿಟ್ಟು ಬಂದಿದ್ದರು. ಮನೆ ಸಿಕ್ಕವರ ಆದಾಯ ಹೆಚ್ಚಿರಲಿಲ್ಲ, ಮಕ್ಕಳ ಬಾಳೂ ಹಸನಾಗಿರಲಿಲ್ಲ. ಕಷ್ಟಕ್ಕಾಗುವ ನೆಂಟರಿಷ್ಟರಿಂದ ಮಾತ್ರ ದೂರವಾಗಿದ್ದರು. ನಾಲ್ಕು ಗೋಡೆ ಎಬ್ಬಿಸಿದರೆ ವಸತಿ ಆಗುವುದಿಲ್ಲ. ಕೆಲಸ, ಶಾಲೆ, ಆಸ್ಪತ್ರೆ, ಕೈಸಾಲ ಕೊಡುವ ನೆರೆಯವರು ಎಲ್ಲವೂ ಹತ್ತಿರವಿದ್ದರಷ್ಟೇ ಅದು ವಸತಿ. ದುಡಿಯುವವರನ್ನು ಹೊರಗಟ್ಟಿದ ನಗರದಲ್ಲಿ ಅವರ ಕೂಲಿ ಬಸ್ ಚಾರ್ಜಿಗೆ ಸೋರಿಹೋಗುತ್ತದೆ, ಹೆಂಗಸರು ಕೆಲಸ ಬಿಡುತ್ತಾರೆ, ಅಂಗಡಿ ಕಾರ್ಖಾನೆಗಳಿಗೆ ಆಳು ಸಿಗುವುದಿಲ್ಲ. ಇದನ್ನು ಬೆಳವಣಿಗೆ ಎನ್ನಲು ಹೇಗೆ ಸಾಧ್ಯ?

ನಗರದ ಭೂಮಿ ದುಬಾರಿ ಎನ್ನುತ್ತಾರೆ. ದುಬಾರಿಯಾದದ್ದು ಯಾರಿಂದ? ಸಾರ್ವಜನಿಕರ ಹಣದಿಂದ ಬಂದ ರಸ್ತೆ, ಕಾವೇರಿ ನೀರು, ಮೆಟ್ರೊಗಳಿಂದ. ಅವನ್ನೆಲ್ಲ ಕಟ್ಟಿದ ಕೂಲಿಗಳ ಬೆವರಿನಿಂದ. ಮಾಲ್‌ಗೆ ಸಿಗುವ ಭೂಮಿ ಮನೆಗೆ ಏಕೆ ಸಿಗುವುದಿಲ್ಲ? ಅಂಗೈಯಗಲದ ಸಿಂಗಪುರ 1960ರಲ್ಲಿ ವಸತಿ ಮಂಡಳಿ ಕಟ್ಟಿತು. ಇವತ್ತು ಅಲ್ಲಿನ ನಿವಾಸಿಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಸರ್ಕಾರ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಒಂದೊಂದು ಜನಾಂಗ ಒಂದೊಂದು ಕಡೆ ಗುಂಪುಗಟ್ಟಬಾರದೆಂದು 1989ರಲ್ಲೇ ನಿಯಮ ತಂದರು. ಮನೆ ಕಟ್ಟುವುದು ಮಾರುಕಟ್ಟೆಯ ಕೆಲಸ ಎನ್ನುವವರು ನಮ್ಮ ದೇಶದ ಲೆಕ್ಕ ನೋಡಲಿ. 2011ರ ಜನಗಣತಿಯಲ್ಲಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. 2012ರ ಸರ್ಕಾರಿ ಅಂದಾಜಿನಲ್ಲಿ ನಗರಗಳ ಮನೆ ಕೊರತೆ 1.88 ಕೋಟಿ, ಅದರಲ್ಲಿ ನೂರಕ್ಕೆ 95ರಷ್ಟು ಬಡವರದು ಮತ್ತು ಕಡಿಮೆ ಆದಾಯದವರದು. ಮಾರುಕಟ್ಟೆ ಕಟ್ಟಿದ್ದು ಯಾರಿಗೆ?

ಬಡವರ ವಸತಿ ಬಂದರೆ ಬಡಾವಣೆ ಕೆಡುತ್ತದೆ ಎಂದು ಅರ್ಜಿ ಬರೆಯುವ ನಿವಾಸಿ ಸಂಘಗಳೇ, ನಿಮ್ಮ ಅಡುಗೆಮನೆಗೆ ಬರುವ ಕೈ ಬೇಕು, ಆ ಕೈಯವಳು ಪಕ್ಕದ ಬೀದಿಯಲ್ಲಿ ಮಲಗುವುದು ಬೇಡವೇ? ಇದು ನಾಚಿಕೆಗೇಡು. ಐದು ವರ್ಷಕ್ಕೊಮ್ಮೆ ಹಕ್ಕುಪತ್ರ ಹಿಡಿದು ಫೋಟೊ ತೆಗೆಸಿಕೊಳ್ಳುವ ಪಕ್ಷಗಳೇ, ಈಜಿಪುರದಲ್ಲಿ ಜೆಸಿಬಿ ಹರಿದಾಗ ನೀವೆಲ್ಲಿದ್ದಿರಿ?

ಓದುಗರೇ, ಓಟು ಕೇಳಲು ಬಾಗಿಲಿಗೆ ಬರುವವರನ್ನು ನಿಲ್ಲಿಸಿ ಕೇಳಿ: ನಮ್ಮ ವಾರ್ಡಿನ ಸರ್ಕಾರಿ ಜಾಗ ಎಲ್ಲೆಲ್ಲಿದೆ, ಅದರಲ್ಲಿ ದುಡಿಯುವವರಿಗೆ ಎಷ್ಟು ಮನೆ? ಉತ್ತರ ಕೊಡದವರಿಗೆ ಓಟು ಕೊಡಬೇಡಿ.