ಪೇಸ್‌ಮೇಕರ್: ತಂತಿಯ ವಯಸ್ಸನ್ನೂ ಕೇಳಿ

ಹಳೆಯ ಸೋಫಾದ ಹೊಲಿಗೆ ಬಿಚ್ಚಿ ಒಳಗಿನ ಸ್ಪಂಜನ್ನು ಎಂದಾದರೂ ನೋಡಿದ್ದೀರಾ? ಕೊಂಡಾಗ ಮೆತ್ತಗಿದ್ದದ್ದು ಹಳದಿಗಟ್ಟಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ. ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಗಾಳಿಯಲ್ಲಿರುವ ಆಮ್ಲಜನಕ ಅದರ ಅಣುಗಳ ಸರಪಣಿಯನ್ನು ವರ್ಷಗಟ್ಟಲೆ ತುಂಡರಿಸುತ್ತ ಬರುತ್ತದೆ. ಶಾಲೆಯಲ್ಲಿ ಇದನ್ನೇ ಉತ್ಕರ್ಷಣೆ ಎಂದು ಓದಿದ್ದೇವೆ.

ಆರೋಗ್ಯದ ಅಂಕಣದಲ್ಲಿ ಸೋಫಾದ ಮಾತೇಕೆ ಎನ್ನಬೇಡಿ. ಇದೇ ಜಾತಿಯ ಪ್ಲಾಸ್ಟಿಕ್ ಎಷ್ಟೋ ಜನರ ಎದೆಯೊಳಗೂ ಇದೆ. ಪೇಸ್‌ಮೇಕರ್ ಪೆಟ್ಟಿಗೆಯಿಂದ ಹೃದಯಕ್ಕೆ ಹೋಗುವ ತಂತಿಗೆ ಸಿಲಿಕೋನ್ ರಬ್ಬರಿನ ಅಥವಾ ಪಾಲಿಯುರೆಥೇನಿನ ಹೊದಿಕೆ ಇರುತ್ತದೆ. 1970ರ ದಶಕದ ಕೊನೆಗೆ ಪಾಲಿಯುರೆಥೇನ್ ತಂತಿಗಳು ಬಂದಾಗ ವೈದ್ಯರಿಗೆ ಸಂತೋಷವಾಯಿತು. ಅವು ತೆಳು, ಗಟ್ಟಿ, ರಕ್ತನಾಳದಲ್ಲಿ ಸಲೀಸಾಗಿ ಜಾರುತ್ತಿದ್ದವು. ಆದರೆ 1980ರ ದಶಕದಲ್ಲಿ ಕೆಲವು ಮಾದರಿಗಳ ಹೊದಿಕೆ ದೇಹದೊಳಗೇ ಬಿರುಕು ಬಿಡತೊಡಗಿತು.

ಕಾರಣ ನಮ್ಮ ದೇಹವೇ! ಹೊರಗಿನ ವಸ್ತು ಕಂಡೊಡನೆ ರಕ್ಷಣಾ ಕಣಗಳು ಅದಕ್ಕೆ ಮುತ್ತಿಕೊಳ್ಳುತ್ತವೆ. ನುಂಗಲಾಗದಿದ್ದರೆ ಹೈಡ್ರೋಜನ್ ಪೆರಾಕ್ಸೈಡಿನಂಥ ರಾಸಾಯನಿಕಗಳನ್ನು ಅದರ ಮೇಲೆ ಸುರಿಸುತ್ತವೆ. ಒಳಗಿನ ತಂತಿಯ ಕೋಬಾಲ್ಟ್ ಲೋಹವೂ ಈ ಉತ್ಕರ್ಷಣೆಗೆ ಕುಮ್ಮಕ್ಕು ಕೊಡುತ್ತದೆ. ಹೊದಿಕೆ ಪೆಡಸಾಗುತ್ತದೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ತಂತಿ ಬಳುಕಬೇಕು. ಪೆಡಸಾದದ್ದು ಬಳುಕಿದರೆ ಬಿರುಕು ತಪ್ಪದು.

ಹೆದರಬೇಡಿ. ಅನಂತರ ಉತ್ಕರ್ಷಣೆಯನ್ನು ಹೆಚ್ಚು ತಾಳುವ, ಇನ್ನಷ್ಟು ಗಡಸು ಪಾಲಿಯುರೆಥೇನ್ ಬಳಕೆಗೆ ಬಂತು. ಬಹುಪಾಲು ತಂತಿಗಳು ಬಹಳ ವರ್ಷ ಚೆನ್ನಾಗಿಯೇ ಇರುತ್ತವೆ. ನನ್ನ ತಕರಾರು ನಮ್ಮ ಅಲಕ್ಷ್ಯದ ಬಗ್ಗೆ. "ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಡಾಕ್ಟ್ರೇ?" ಎಂದು ಎಲ್ಲರೂ ಕೇಳುತ್ತಾರೆ. ತಂತಿಯ ಬಗ್ಗೆ ಯಾರೂ ಕೇಳುವುದಿಲ್ಲ. ಬ್ಯಾಟರಿ ಮುಗಿದಾಗ ಪೆಟ್ಟಿಗೆಯನ್ನು ಬದಲಿಸುತ್ತಾರೆ. ತಂತಿ ಚೆನ್ನಾಗಿದ್ದರೆ ಸಾಮಾನ್ಯವಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತಾರೆ. ಪೆಟ್ಟಿಗೆ ಹೊಸದು, ತಂತಿ ಹಳೆಯದು!

ನನ್ನಲ್ಲಿಗೆ ಬರುವ ಹಿರಿಯರೊಬ್ಬರಿಗೆ ಹೀಗೇ ಆಗಿತ್ತು. ಹೊಸ ಪೆಟ್ಟಿಗೆ ಹಾಕಿಸಿದ್ದೇವೆಂದು ಮನೆಯವರು ತಪಾಸಣೆ ಬಿಟ್ಟಿದ್ದರು. ತಲೆಸುತ್ತು ಎಂದಾಗ ನಾನೂ ಮೊದಲು ಬಿ.ಪಿ. ಮಾತ್ರೆಯನ್ನೇ ದೂರಿದೆ. ಹೃದ್ರೋಗ ತಜ್ಞರು ಪರೀಕ್ಷಿಸಿದಾಗ ತಿಳಿದದ್ದು, ತಂತಿಯ ಹೊದಿಕೆ ಹರಿದು ವಿದ್ಯುತ್ ಸೋರುತ್ತಿತ್ತು. ಅಂದಿನಿಂದ ನಾನು ತಂತಿಯ ವಯಸ್ಸನ್ನೂ ಕೇಳುತ್ತೇನೆ.

ತಲೆಸುತ್ತು, ಕಣ್ಣು ಕತ್ತಲಿಡುವುದು, ಪೆಟ್ಟಿಗೆಯ ಸುತ್ತ ಮಾಂಸಖಂಡ ಅದುರುವುದು, ಬಿಡದ ಬಿಕ್ಕಳಿಕೆ, ಇವು ಕಂಡರೆ ತಡಮಾಡದೆ ತೋರಿಸಿ. ಪ್ರಜ್ಞೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಏನೂ ತೊಂದರೆ ಇಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ತಪಾಸಣೆ ಮಾಡಿಸಿ. ಚರ್ಮದ ಮೇಲಿನಿಂದಲೇ ನಡೆಯುವ, ನೋವಿಲ್ಲದ ಪರೀಕ್ಷೆ ಅದು. ತಂತಿಯ ವಿದ್ಯುತ್ ನಿರೋಧ ಇಳಿದಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ಆಸ್ಪತ್ರೆಗಳಿಗೂ ಒಂದು ಮಾತು: ಪೆಟ್ಟಿಗೆಯ ವಿವರದ ಜೊತೆ ತಂತಿಯ ಮಾದರಿ, ಹಾಕಿದ ವರ್ಷ ಇವನ್ನೂ ಕಾರ್ಡಿನಲ್ಲಿ ಕನ್ನಡದಲ್ಲೇ ಬರೆದುಕೊಡಿ. ಮನೆಯವರು ಆ ಕಾರ್ಡನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಸ್ಕೂಟರಿನ ಸರ್ವೀಸ್ ತಪ್ಪಿಸದ ನಾವು ಅಪ್ಪನ ಎದೆಯ ತಂತಿಯನ್ನು ಮರೆಯಬಹುದೇ?